ಅವ್ವ ಮುಯ್ಯಾಳಿಗೆ ಹೋದ ದಿನ

ಬನಹಟ್ಟಿಯ ನನ್ನ ಬಾಡಿಗೆ ಮನೆಗೆ ಬೀಗ ಹಾಕಿದಾಗ ಬೆಳಿಗ್ಗೆ ಏಳೂವರೆ. ಭಾನುವಾರ, ನಾನು ಕಲಿಸುವ ಶಾಲೆಗೆ ರಜೆ. ಅವ್ವ ಹೇಗಿದ್ದಾಳೆಂದು ಕೇಳಲು ಸಾವಳಗಿ ಹತ್ತಿರದ ನಮ್ಮೂರಿಗೆ ಫೋನು ಮಾಡಿದರೆ, ಅವಳು ಬೀಳಗಿ ಕಡೆ ಕಾಶವ್ವನ ಹೊಲಕ್ಕೆ ಜೋಳ ಕೀಳಲು ಹೋಗಿದ್ದಾಳೆಂದು ಅಪ್ಪ ತಣ್ಣಗೆ ಹೇಳಿದ್ದ. ಅವ್ವನ ಎಡ ಮಣಿಕಟ್ಟಿನ ಪ್ಲಾಸ್ಟರು ಬಿಚ್ಚಿ ಒಂಬತ್ತೇ ದಿನವಾಗಿತ್ತು. ಇನ್ನೊಂದು ತಿಂಗಳು ತುಂಬಿದ ಕೊಡ ಸಹ ಎತ್ತಬಾರದು, ಮತ್ತೆ ಮುರಿದರೆ ಆಪರೇಷನ್ನೇ ಗತಿ ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ಬಿಳಿಜೋಳವನ್ನು ನಮ್ಮ ಕಡೆ ಕೊಯ್ಯುವುದಿಲ್ಲ, ಎರಡೂ ಕೈಯಲ್ಲಿ ಹಿಡಿದು ಬೇರುಸಮೇತ ಕೀಳುತ್ತಾರೆ. ಗಟ್ಟಿಮುಟ್ಟಾದವರ ರಟ್ಟೆಯೂ ಸೋಲುವ ಕೆಲಸ.

ಹಿಂದಿನ ಕತೆ ಇಷ್ಟೇ. ಅವ್ವ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಾಗ ನಮ್ಮ ಹೊಲದಲ್ಲಿ ಕಡಲೆ ಒಣಗಿ ನಿಂತಿತ್ತು. ನಮ್ಮೂರಿಗೆ ಮಗಳನ್ನು ಕೊಟ್ಟಿರುವ ಕಾಶವ್ವ ಆಗ ಆ ಮಗಳ ಮನೆಗೆ ಬಂದಿದ್ದಳು. ಸುದ್ದಿ ಕೇಳಿ ತಾನಾಗಿಯೇ ಬಂದು ಇಡೀ ದಿನ ನಮ್ಮ ಕಡಲೆ ಕಿತ್ತು ಹೋದಳು. ಹೀಗೆ ನಮ್ಮ ಹೊಲದಲ್ಲಿ ದುಡಿದವರ ಹೊಲಕ್ಕೆ ನಾವೂ ಹೋಗಿ ದುಡಿಯುವುದೇ ಮುಯ್ಯಾಳು. ಅದರಲ್ಲಿ ಕೂಲಿಯ ಮಾತಿಲ್ಲ, ಒಬ್ಬರ ಒಂದು ದಿನದ ದುಡಿಮೆಗೆ ಒಂದು ಆಳು ಎಂದು ಲೆಕ್ಕ.

ಕಾಶವ್ವ ಕರೆದಿದ್ದಳೇನು ಎಂದು ಫೋನಿನಲ್ಲೇ ಅಪ್ಪನ ಮೇಲೆ ರೇಗಿದ್ದೆ.

"ಆಕಿ ಕರೀದ ಬಂದಿದ್ಲು. ನಮ್ಮನ್ನ ಕರೀಲಿ ಅಂತ ನಾವು ಕುಂದ್ರಬೇಕೇನವಾ?" ಎಂದ ಅಪ್ಪ. ನಸುಕಿನಲ್ಲಿ ಬುತ್ತಿ ಕಟ್ಟಿ ಬಸ್ಸು ಹತ್ತಿಸಿದವನೂ ಅವನೇ. ಎಮ್ಮೆ ಈದಿರದಿದ್ದರೆ ತಾನೂ ಹೋಗುತ್ತಿದ್ದನಂತೆ. ಗಂಡಹೆಂಡಿರಲ್ಲಿ ಯಾರಿಗೆ ಬುದ್ಧಿ ಹೇಳುವುದು?

ಜಮಖಂಡಿಯಲ್ಲಿ ಬೀಳಗಿಯ ನೇರ ಬಸ್ಸಿಗೆ ಒಂದು ತಾಸು ಕಾಯಬೇಕೆಂದರು. ನನ್ನಿಂದಾಗಲಿಲ್ಲ. ಮುಧೋಳದ ಬಸ್ಸು ಹತ್ತಿ ಆಧಾರ್ ತೋರಿಸಿ ಹೆಂಗಸರ ಪುಕ್ಕಟೆ ಟಿಕೆಟ್ ಪಡೆದೆ. ಇಪ್ಪತ್ತು ಕಿಲೋಮೀಟರು ಆಸುಪಾಸಿನ ದಾರಿಗೆ ತಾಸಿನ ಮೇಲಾಯಿತು. ಮುಂದೆಲ್ಲ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು, ಒಂದನ್ನು ದಾಟಿದರೆ ಇನ್ನೊಂದು. ಅವ್ವನ ಹತ್ತಿರ ಫೋನಿಲ್ಲ. ಈಗ ಹೊಲಕ್ಕಿಳಿದಿರುತ್ತಾಳೆ, ಈಗ ಮೊದಲ ಸಾಲು ಮುಗಿಸಿರುತ್ತಾಳೆ ಎಂದು ಲೆಕ್ಕ ಹಾಕುತ್ತ ಸೆರಗಿನ ತುದಿ ಹಿಂಡುತ್ತಿದ್ದೆ. ಯಾರ ಹಂಗೂ ಇಲ್ಲದೆ ಬದುಕುವುದು ನನ್ನ ಜಂಬ. ಹೋದ ಮಳೆಗಾಲದಲ್ಲಿ ಮೂರು ದಿನ ಜ್ವರದಲ್ಲಿ ಬಿದ್ದಿದ್ದರೂ ಪಕ್ಕದ ಮನೆಯವರಿಗೆ ಹೇಳಿರಲಿಲ್ಲ.

ಮುಧೋಳದಿಂದ ಲೋಕಾಪುರ. ಅಲ್ಲಿ ಬಸ್ಸು ಬದಲಿಸುವಾಗ ಚಹಾ ಕುಡಿದೆ, ಹತ್ತು ರೂಪಾಯಿ. ಬಿಸಿ ಭಜಿ ಎದುರಿಗಿದ್ದರೂ ಬೇಡವಾಯಿತು. ಬೀಳಗಿಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಎಲ್ಲ ಹೇಳಿದೆ. ಅಯ್ಯೋ ಪಾಪ ಅನ್ನುತ್ತಾಳೆಂದುಕೊಂಡರೆ, ಜೋಳ ಎಷ್ಟು ಎಕರೆ, ಆಳು ಎಷ್ಟು ಮಂದಿ ಎಂದು ವಿಚಾರಿಸಿದಳು.

ಬೀಳಗಿಯಿಂದ ಕಾಶವ್ವನ ಊರಿಗೆ ಟಂಟಂ ಆಟೋ ಹಿಡಿದೆ, ಮೂವತ್ತು ರೂಪಾಯಿ. ಹೊಲ ಮುಟ್ಟುವಾಗ ಹನ್ನೆರಡರ ಬಿಸಿಲು. ಜಮಖಂಡಿಯ ನೇರ ಬಸ್ಸಿಗೆ ಕಾದಿದ್ದರೆ ಹನ್ನೊಂದಕ್ಕೇ ಬರುತ್ತಿದ್ದೆ; ಆತುರಗಾರನಿಗೆ ಬುದ್ಧಿ ಮಟ್ಟ.

ಐದು ಮಂದಿ ಕೀಳುತ್ತಿದ್ದರು. ನಾಲ್ವರು ಮುಂದೆ ಹೋಗಿದ್ದರು. ಬಹಳ ಹಿಂದೆ ಅವ್ವ ಬಲಗೈಯೊಂದರಲ್ಲೇ ಜಗ್ಗುತ್ತಿದ್ದಳು, ಬಾರದಿದ್ದಾಗ ಎಡಗೈಯನ್ನೂ ಹಚ್ಚುತ್ತಿದ್ದಳು. ಮಣಿಕಟ್ಟು ಬಾತಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. ಕಾಶವ್ವನನ್ನು ಬದಿಗೆ ಕರೆದು ಅವ್ವನನ್ನು ಯಾಕೆ ಕೀಳಲು ಬಿಟ್ಟಿರಿ ಎಂದು ಕೇಳಿದೆ.

"ಬಂದಾಕಿನ ಕುಂದರ ಅಂದ್ರ ನಿನ್ನ ದುಡಿಮಿ ನಮಗ ಬ್ಯಾಡ ಅಂದಂಗ ಆಕ್ಕೈತಿ. ನೀನ ಹೇಳ ನೋಡು" ಎಂದಳು ಅವಳು. ಅವಳ ಕಣ್ಣಲ್ಲೂ ನನ್ನದೇ ಹೆದರಿಕೆ ಇತ್ತು.

ಅವ್ವ ನನ್ನ ಮಾತು ಕೇಳುವವಳಲ್ಲ. ಸಾಲು ಮುಗಿಯದೆ ಏಳುವುದಿಲ್ಲವೆಂದಳು. ಕೊನೆಗೆ ನಾನೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳ ಸಾಲಿನಲ್ಲಿ ನಿಂತೆ. ಅವಳು ಬದುವಿನ ಮೇಲೆ ಕೂತಳು, ಬಾಯಿ ಮಾತ್ರ ಕೂರಲಿಲ್ಲ: ಬುಡಕ್ಕೆ ಹಿಡಿ, ಸೊಂಟ ಬಗ್ಗಿಸು, ಮಣ್ಣು ಝಾಡಿಸು. ನಡುವೆ ಬೇವಿನ ನೆರಳಲ್ಲಿ ರೊಟ್ಟಿ, ಜುಣಕ, ಉಳ್ಳಾಗಡ್ಡಿ ತಿಂದೆವು. ಹೊತ್ತಿಳಿಯುವ ಹೊತ್ತಿಗೆ ನನ್ನ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದಿದ್ದವು.

ಹೊರಡುವಾಗ ಅವ್ವ ಕಾಶವ್ವನಿಗೆ ಹೇಳಿದಳು: "ಇವತ್ತಿಂದು ನನ್ನ ಮಗಳ ಆಳು ಆತು. ನಂದು ಹಂಗ ಉಳೀತು. ಕೈ ಆರಾಮ ಆದ ಮ್ಯಾಲ ಬರ್ತೇನಿ."

"ಬಾ. ಆದರ ಈಗ ನಿನ್ನ ಮಗಳಿಗೆ ನಾ ಒಂದ ಆಳು ಕೊಡಬೇಕಾತಲ್ಲ" ಎಂದಳು ಕಾಶವ್ವ.

ನನಗೆ ನಗು ಬಂತು. ನನಗೆ ಹೊಲವಿಲ್ಲ, ಇರುವುದು ಎರಡು ಖೋಲಿಯ ಮನೆ ಮಾತ್ರ ಎಂದೆ.

"ಹೊಲಾ ಇಲ್ಲಂದ್ರ ಏನಾತು? ಜಡ್ಡ ಬರೂದಿಲ್ಲೇನ? ಹೇಳಿ ಕಳಸು. ಬಂದು ಗಂಜಿ ಕಾಸಿ ಕೊಡ್ತೇನಿ."

ಟಂಟಂ ಹೊರಟ ಮೇಲೂ ಹಿಂದಿರುಗಿ ನೋಡಿದೆ. ಕಿತ್ತು ಮಲಗಿಸಿದ ಜೋಳದ ನಡುವೆ ಅವಳು ಇನ್ನೂ ನಿಂತಿದ್ದಳು.

ಬೀಳಗಿಯಿಂದ ಈ ಸಲ ನೇರ ಬಸ್ಸು. ನಾಳೆ ಅಪ್ಪನ ಜೊತೆ ಡಾಕ್ಟರ ಹತ್ತಿರ ಹೋಗಲು ಅವ್ವ ಒಪ್ಪಿದಳು. ಆ ಧೈರ್ಯದಲ್ಲಿ ಅವಳಿಗೆ ನನ್ನ ಜ್ವರದ ಸಂಗತಿ ಹೇಳಿಬಿಟ್ಟೆ. ಅವಳು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು.

"ಮೂರ ದಿನಾ ಬಿದ್ದು ಒಬ್ರಿಗೂ ಹೇಳಲಿಲ್ಲಂದ್ರ, ನಾವು ನಿನಗ ಕಲಿಸಿದ್ದರ ಏನು?"

ಜಮಖಂಡಿಯಲ್ಲಿ ಅವಳನ್ನು ಸಾವಳಗಿ ಬಸ್ಸಿಗೆ ಹತ್ತಿಸಿ ಬನಹಟ್ಟಿಗೆ ಬಂದೆ. ನನ್ನ ಬೀಗ ತೆಗೆಯುವ ಮೊದಲು ಪಕ್ಕದ ಮನೆಯ ಬಾಗಿಲು ಬಡಿದು, ಅಂಗೈಗೆ ಹಚ್ಚಿಕೊಳ್ಳಲು ಸ್ವಲ್ಪ ಕೊಬ್ಬರಿ ಎಣ್ಣೆ ಕೇಳಿದೆ.