ಇದ್ದಲ್ಲೇ ಇರು

ಕಾಡಿನಲ್ಲಿ ಸಿಕ್ಕಿಬಿದ್ದ ಮಕ್ಕಳು ಹೇಗೆ ಬದುಕಿ ಬಂದರು ಎಂಬ ಕಥೆಗಳನ್ನು ನಾನು ಬರೆಯುತ್ತೇನೆ. ಗೋಕಾಕದ ಬಾಡಿಗೆ ಮನೆಯಲ್ಲಿ, ಫ್ಯಾನಿನ ಕೆಳಗೆ ಕುಳಿತು. ಕಾಡನ್ನು ಬಸ್ಸಿನ ಕಿಟಕಿಯಿಂದ ಎರಡು ಸಲ ನೋಡಿದ್ದೇನೆ. ಎರಡನೆಯ ಸಲ ನಿದ್ದೆ ಹತ್ತಿತ್ತು. ಆದರೂ ನನ್ನ ಪುಸ್ತಕದ ಮಕ್ಕಳು ಕಲ್ಲು ಉಜ್ಜಿ ಬೆಂಕಿ ಮಾಡುತ್ತಾರೆ, ಎಲೆಯ ಮೇಲಿನ ಇಬ್ಬನಿ ಕುಡಿಯುತ್ತಾರೆ, ಕರಡಿ ಎದುರಾದರೆ ಗಾಬರಿಯಾಗುವುದಿಲ್ಲ.

ಕುಲಗೋಡದಲ್ಲಿರುವ ಅಣ್ಣನ ಮಗಳಿಗೆ ಒಂದು ಪ್ರತಿ ಕೊಟ್ಟೆ. ಅವಳಿಗಾಗ ಎಂಟು ವರ್ಷ. ಪುಸ್ತಕವನ್ನು ಬಾಯಿಪಾಠ ಮಾಡಿದಳು. ನನ್ನನ್ನು ಎರಡನೆಯ ಸಲ ಓದಿದವಳು ಅವಳೊಬ್ಬಳೇ, ಹಾಗಾಗಿ ನಾನು ಬಹಳ ಬೀಗಿದೆ.

ಕಬ್ಬು ಕಡಿಯುವ ಕಾಲದಲ್ಲಿ ಒಂದು ಭಾನುವಾರ ಊರಿಗೆ ಹೋದೆ. ಮನೆಗೆ ಬೀಗ ಹಾಕಿತ್ತು, ನೇರ ಹೊಲಕ್ಕೆ ನಡೆದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಬದುವಿನ ಮೇಲೆ ನಿಂತು ಮಗಳನ್ನು ಕೂಗುತ್ತಿದ್ದರು. ಆಡಿನ ಮರಿಯೊಂದು ಕಬ್ಬಿನೊಳಗೆ ನುಗ್ಗಿತ್ತು, ಹುಡುಗಿ ಅದರ ಬೆನ್ನು ಹತ್ತಿದ್ದಳು. ಮರಿ ತಿರುಗಿ ಬಂದಿತ್ತು. ಹುಡುಗಿ ಬಂದಿರಲಿಲ್ಲ.

“ತಾಸ ಆತ ನೋಡವಾ. ಎಷ್ಟ ಒದರಿದ್ರೂ ಓ ಅನವಲ್ಲದು,” ಎಂದರು ವೈನಿ.

ಆಳೆತ್ತರದ ಕಬ್ಬಿನಲ್ಲಿ ನಾಲ್ಕು ಹೆಜ್ಜೆ ಹೋದರೆ ಹಿಂದೆ ಮುಂದೆ ಏನೂ ಕಾಣುವುದಿಲ್ಲ. ನಮ್ಮೂರ ಮಕ್ಕಳಿಗೆ ಅದೇನೂ ದೊಡ್ಡ ಸಂಗತಿಯಲ್ಲ. ಯಾವುದಾದರೂ ಒಂದು ಸಾಲು ಹಿಡಿದು ನಡೆದರೆ ಬದುವೋ ಕಾಲುವೆಯೋ ಸಿಗುತ್ತದೆ. ಅಷ್ಟು ಗೊತ್ತಿದ್ದವಳು ಬರಲಿಲ್ಲವೆಂದರೆ ಹಾವು ಮುಟ್ಟಿರಬೇಕು. ಇಬ್ಬರಿಗೂ ಹಾಗೇ ಅನ್ನಿಸಿತು. ಅಣ್ಣ ಆಗಲೇ ಬಾವಿಯಲ್ಲಿ ಇಣುಕಿ ನೋಡಿ ಬಂದಿದ್ದ.

ಅಷ್ಟರಲ್ಲಿ ಬಾಜೂ ಹೊಲದಲ್ಲಿ ಹೊಗೆ ಎದ್ದಿತು. ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆಗೆ ನಾವು ರವದಿ ಅನ್ನುತ್ತೇವೆ. ಆ ಹೊಲದ ಮುದುಕರು ರವದಿಗೆ ಬೆಂಕಿ ಹಚ್ಚಿದ್ದರು. ಗಾಳಿ ನಮ್ಮ ಕಬ್ಬಿನ ಕಡೆಗಿತ್ತು.

“ಕಾಕಾ, ಆರಸ್ರಿ! ಒಳಗ ಹುಡುಗಿ ಐತ್ರಿ!” ಎಂದು ಅಣ್ಣ ಓಡಿದ.

“ಹಚ್ಚೂಕಿಂತ ಮೊದಲ ಹೇಳಬಾರದೇನೋ!” ಎಂದು ಬೈಯುತ್ತಲೇ ಮುದುಕರು ಬೇವಿನ ಟೊಂಗೆ ಮುರಿದು ಬೆಂಕಿಯನ್ನು ಬಡಿಯತೊಡಗಿದರು. ಅಣ್ಣನೂ ಬಡಿದ.

ನಾನು ಕಬ್ಬಿನೊಳಗೆ ಹೊಕ್ಕೆ. ಗರಿ ಮುಖ ಕೊಯ್ಯುತ್ತಿತ್ತು. ನನ್ನ ಪುಸ್ತಕದಲ್ಲಿ ದಾರಿ ತಪ್ಪಿದವರು ಸೂರ್ಯನನ್ನು ನೋಡಿ ದಿಕ್ಕು ತಿಳಿಯುತ್ತಾರೆ. ಸೂರ್ಯ ನಡುನೆತ್ತಿಯ ಮೇಲಿದ್ದ, ಅವನಿಂದ ಯಾವ ಉಪಯೋಗವೂ ಆಗಲಿಲ್ಲ. ಅತ್ತಿಂದಿತ್ತ ಕೂಗುತ್ತಾ ಅಲೆದೆ. ಹೊಗೆ ಒಳಗೆ ಬರತೊಡಗಿತು. ಜೀವಮಾನದಲ್ಲಿ ನಾನು ಅಷ್ಟು ಹೆದರಿರಲಿಲ್ಲ.

ಕೊನೆಗೆ ಕೆಮ್ಮು ಕೇಳಿಸಿತು. ಸಾಲಿನ ನಡುವೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ.

“ಓ ಅನ್ನಾಕ ಏನಾಗಿತ್ತ ನಿನಗ?”

“ಒದರಿದ್ರ ಗಂಟಲ ಒಣಗತೈತಿ, ಸುಮ್ಮನ ಕೂಡ್ರು ಅಂತ ನಿನ್ನ ಪುಸ್ತಕದಾಗ ಐತಲ್ಲ ಅತ್ತಿ. ಅಡವ್ಯಾಗ ದಾರಿ ತಪ್ಪಿದ್ರ ಇದ್ದಲ್ಲೇ ಇರು, ಹುಡುಕವ್ರ ಬಂದ ಬರತಾರ ಅಂತನೂ ಐತಿ. ನೀ ಎರಡ ಸಲ ಬಾಜೂಕ ಹಾದು ಹೋದಿ. ನಾ ನೋಡಿದ್ನಿ.”

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಸಾಲು ನನ್ನದೇ. ಕಾಡು ಎಂದು ಬರೆಯುವುದಕ್ಕಿಂತ ಅಡವಿ ಎಂದರೆ ತೂಕ ಹೆಚ್ಚು ಎಂದುಕೊಂಡಿದ್ದೆ. ಪುಸ್ತಕದ ಕನ್ನಡದಲ್ಲಿ ಅಡವಿ ಎಂದರೆ ಕಾಡು. ನಮ್ಮೂರಲ್ಲಿ ಅಡವಿ ಎಂದರೆ ಹೊಲ. ‘ಅಡವಿಗೆ ಹೋಗ್ಯಾರ’ ಅಂದರೆ ಹೊಲದ ಕೆಲಸಕ್ಕೆ ಹೋಗಿದ್ದಾರೆ ಎಂದು. ಅದೇ ಊರಲ್ಲಿ ಹುಟ್ಟಿ ಬೆಳೆದ ನನಗೆ ಬರೆಯುವಾಗ ಇದು ನೆನಪಾಗಲಿಲ್ಲ. ಆಡಿನ ಮರಿ ಮಾತ್ರ ಪುಸ್ತಕ ಓದಿರಲಿಲ್ಲ, ತೆಪ್ಪಗೆ ಹೊರಗೆ ಬಂದಿತ್ತು.

ಬೈಯಲು ಬಾಯಿ ತೆರೆದೆ, ಅಳು ಬಂತು. ಅಲ್ಲೇ ಮಣ್ಣಿನ ಮೇಲೆ ಕುಸಿದು ಕುಳಿತೆ. ಅವಳೇ ಕೈ ಹಿಡಿದು ಎಬ್ಬಿಸಿ, ಸಾಲು ಹಿಡಿದು ನಡೆಸಿಕೊಂಡು ಹೋದಳು. ಎಂಟೇ ಹೆಜ್ಜೆಗೆ ಬದು ಬಂತು. ಬೆಂಕಿ ಅದರ ಆಚೆ ಬದಿಯಲ್ಲಿ ಆರಿತ್ತು, ಅಣ್ಣ ಟೊಂಗೆ ಹಿಡಿದುಕೊಂಡೇ ನಿಂತಿದ್ದ.

“ದಾರಿ ಗೊತ್ತಿತ್ತೇನ ನಿನಗ?” ಎಂದೆ.

“ಗೊತ್ತಿತ್ತು. ಹೊಗಿ ಬಂದಾಗ ಓಡಿ ಬರಬೇಕ ಅನಿಸ್ತು,” ಎಂದಳು. “ಆದ್ರ ನಿನ್ನ ಪುಸ್ತಕ ಸುಳ್ಳ ಆಗಬಾರದಲ್ಲ ಅತ್ತಿ.”