ಟಾರ್ಪಾಲು ಮಿಷನ್ನಿನಲ್ಲಿ ಹೊಲಿದ ಕೌದಿ

ಸೊರಬದಲ್ಲಿ ಬಸ್ಸಿಳಿದ ಮೊದಲ ಮಧ್ಯಾಹ್ನವೇ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಆಸ್ರಿಗೆ ಬೇಕಾ?" ಎಂದು ಕೇಳಿದಳು. ಟ್ರಂಕು, ಜೋಳದ ಚೀಲ, ಹಾಸಿಗೆಯ ಸುರುಳಿಗಳ ನಡುವೆ ನಿಂತಿದ್ದ ನಮ್ಮನ್ನು ದಿಕ್ಕಿಲ್ಲದವರೆಂದುಕೊಂಡು ಆಸರೆ ಕೊಡಲು ಬಂದಿದ್ದಾಳೆ ಎಂದೇ ತಿಳಿದೆ. "ನಮಗ ಮನಿ ಐತ್ರೀ, ಸಾಹುಕಾರ್ರು ಕೊಟ್ಟಾರ" ಎಂದು ಬಿಗಿಯಾಗಿ ಹೇಳಿ ಬಾಗಿಲು ಮುಂದೆ ಮಾಡಿಕೊಂಡೆ. ಇಲ್ಲಿ ಆಸ್ರಿ ಎಂದರೆ ಬಾಯಾರಿಕೆಗೆ ಕುಡಿಯಲು ಕೊಡುವುದು ಎಂದು ತಿಳಿಯಲು ನಾಲ್ಕು ದಿನ ಬೇಕಾಯಿತು. ಅಷ್ಟರಲ್ಲಿ ಆಕೆ, ಗುಡಿಗಾರರ ಮನೆಯ ಸೀತಮ್ಮ, ಬಯಲುಸೀಮೆಯಿಂದ ಬಂದವಳಿಗೆ ಬಹಳ ಜಂಬ ಎಂದು ಓಣಿಗೆಲ್ಲ ಹೇಳಿಯಾಗಿತ್ತು.

ಉಡುತಡಿಯಿಂದ ಶಿಕಾರಿಪುರಕ್ಕೆ ಗಾಡಿ, ಶಿಕಾರಿಪುರದಿಂದ ಇಲ್ಲಿಗೆ ಬಸ್ಸು. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ತಲುಪುವ ಊರನ್ನು ಪರಸ್ಥಳ ಎಂದರೆ ನೀವು ನಗುತ್ತೀರಿ. ರಾಜ್ಯ ಒಂದಾದ ಮರುವರ್ಷ ಹೊರಟು ಬಂದಾಗ ನಾನೂ ನಕ್ಕವಳೇ. ಆದರೆ ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಬೆಳಗಾದರೆ ಇಲ್ಲಿ ಕುಚ್ಚಲಕ್ಕಿ ಗಂಜಿಯ ವಾಸನೆಗೆ ಬೆಳಗಾಗುತ್ತದೆ. ತಂದ ಜೋಳಕ್ಕೆ ತಿಂಗಳೊಳಗೆ ತೇವ ಹಿಡಿದು ಹಿಟ್ಟು ಕಹಿಯಾಯಿತು. ಅಂಗಡಿಯಲ್ಲಿ ಬೆಲ್ಲ ಕೇಳಿದರೆ ಅಂಗಡಿಯವನು, "ಎಂತಕ್ಕೆ ಸಿಟ್ಟು ಅಮ್ಮಾ?" ಎಂದ. ನಾನು ಸಿಟ್ಟಾಗಿರಲಿಲ್ಲ. ನಮ್ಮ ಕಡೆ ಬೆಲ್ಲ ಕೇಳುವ ದನಿಯೇ ಅದು.

ನಮ್ಮವರು ಶಿಕಾರಿಪುರದಲ್ಲಿ ಬೇರೆಯವರ ಅಂಗಡಿ ಕಟ್ಟೆಯ ಮೇಲೆ ಅಂಗಿ ಹೊಲಿಯುತ್ತಿದ್ದರು. ಸೊರಬದ ಪುಟ್ಟಪ್ಪ ಸಾಹುಕಾರರು ಮರದ ಲಾರಿಗಳಿಗೆ ಟಾರ್ಪಾಲು, ಗಾಡಿಗಳಿಗೆ ಕಮಾನಿನ ಬಟ್ಟೆ ಹೊಲಿಸುವ ಶೆಡ್ಡು ಹಾಕಿ, ಅವರನ್ನು ಕರೆಸಿಕೊಂಡರು. ಶೆಡ್ಡಿನ ಹಿಂದಿನ ಎರಡು ಕೋಣೆ ನಮಗೆ. ಅಲ್ಲಿನ ಮಿಷನ್ನು ನೋಡಿ ನಾನು ಹೆದರಿದ್ದೆ. ಮಾಮೂಲಿ ಮಿಷನ್ನಿನ ತೋಳಿನೊಳಗೆ ಒಂದು ಗೇಣು ಜಾಗವಿದ್ದರೆ, ಇದರ ತೋಳು ಒಂದೂವರೆ ಮೊಳ ಉದ್ದ. ಎಷ್ಟು ದೊಡ್ಡ ಬಟ್ಟೆಯನ್ನಾದರೂ ಸುರುಳಿ ಸುತ್ತಿ ಅದರೊಳಗೆ ತೂರಿಸಬಹುದು. ಮೆಟ್ಟಿದರೆ ನೆಲ ನಡುಗುತ್ತಿತ್ತು.

ಬಂದ ಎಂಟು ತಿಂಗಳಿಗೆ ಅದರ ಸೂಜಿ ನಮ್ಮವರ ಬಲಗೈ ತೋರುಬೆರಳನ್ನು ತೂರಿಕೊಂಡು ಹೋಯಿತು. ಬೆರಳು ಬದನೆಕಾಯಿಯಂತೆ ಊದಿತು. ಸಾಹುಕಾರರು ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಬಾಗಿಲಲ್ಲಿ ನಿಂತು, "ಸಾಗರದಿಂದ ಒಬ್ಬ ಬರ್ತೀನಿ ಅಂತಿದಾನೆ. ಅವನಿಗೂ ಮನೆ ಕೊಡಬೇಕಾಗ್ತದೆ" ಎಂದರು. ಇದ್ದದ್ದು ನಾವಿದ್ದ ಆ ಎರಡು ಕೋಣೆ ಮಾತ್ರ. ನನ್ನ ಬಾಯಿಂದ, "ನಾನು ಮೆಟ್ಟತೀನ್ರೀ" ಎಂಬ ಮಾತು ಬಂದೇಬಿಟ್ಟಿತು. ಅವರು ನನ್ನನ್ನೂ, ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಕೌದಿಯನ್ನೂ ನೋಡಿದರು. "ಅದನ್ನ ಹೊಲಿದದ್ದು ನೀನಾ? ಹಾಗಾದ್ರೆ ಮೊದಲು ನಮ್ಮ ಸರಸ್ವತಕ್ಕನ ಕೆಲಸ ಮಾಡಿಕೊಡು, ನೋಡೋಣ."

ಸರಸ್ವತಮ್ಮ ಊರಂಚಿನ ಗದ್ದೆಯವರ ಮನೆಯ ಯಜಮಾನಿ. ಬಾಣಂತನಕ್ಕೆ ಬಂದ ಮಗಳು ತಿಂಗಳೊಳಗೆ ಕೂಸಿನೊಂದಿಗೆ ಗಂಡನ ಮನೆಗೆ ಹೊರಡುವವಳಿದ್ದಳು. ತೀರಿಹೋದ ತಾಯಿಯ ಏಳು ಸೀರೆಗಳನ್ನು ಸರಸ್ವತಮ್ಮ ಗಂಟು ಕಟ್ಟಿ ತಂದಿದ್ದರು; ಅವನ್ನು ಪದರ ಪದರವಾಗಿ ಸೇರಿಸಿದ ಒಂದು ಕೌದಿಯನ್ನು ಮಗಳ ಜೊತೆ ಕಳಿಸಬೇಕಿತ್ತು. "ಅಮ್ಮಂದು ಅಂತ ಇರೋದು ಇಷ್ಟೇ. ಈ ಕೆಂಪು ಅಂಚು ನಾಲ್ಕೂ ಬದಿಗೆ ಬರಬೇಕು" ಎಂದರು. ಅಳೆದು ನೋಡಿದೆ. ಅಂಚು ಸುತ್ತಲಿಗೆ ಸರಿಯಾಗಿ ಸಾಕಾಗುತ್ತಿತ್ತು, ಒಂದು ಬೆರಳೂ ಮಿಗುತ್ತಿರಲಿಲ್ಲ. ಕೈಹೊಲಿಗೆಯಾದರೆ ಎರಡು ತಿಂಗಳ ಕೆಲಸ. ಮಿಷನ್ನಿನಲ್ಲಿ ಹತ್ತು ದಿನ ಎಂದು ಸಾಹುಕಾರರು ಆಗಲೇ ಮಾತು ಕೊಟ್ಟಿದ್ದರು.

ನಮ್ಮಲ್ಲಿ ಕೌದಿಯನ್ನು ಅಂಚಿನಿಂದ ಹೊಲಿಯುತ್ತೇವೆ. ಮೂಲೆ ಹಿಡಿದು ಸುತ್ತ ಬಂದು, ಸುತ್ತುತ್ತಾ ನಡುವಿಗೆ ಹೋಗಿ ಮುಗಿಸುತ್ತೇವೆ. ಮಿಷನ್ನಿನಲ್ಲಿ ಸುತ್ತಲು ಆಗದೆಂದು ನಾನು ಒಂದು ಅಂಚು ಹಿಡಿದು ನೇರ ಸಾಲು ಹಾಕುತ್ತಾ ಬಂದೆ. ಮೊದಲ ದಿನ ಹೆಮ್ಮೆಯಾಯಿತು. ಮೂರನೆಯ ದಿನ ಕೋಣೆಯ ನೆಲಕ್ಕೆ ಹಾಸಿ ನೋಡಿದರೆ ಒಂದು ಬದಿ ಗೋಡೆಗೆ ಸೇರಿ ನಿಂತಿದೆ, ಎದುರಿನ ಬದಿ ಬಾಗಿಲ ಕಡೆಗೆ ಓಡಿಹೋಗುತ್ತಿದೆ! ನಾಲ್ಕು ಬೆರಳು ಸೊಟ್ಟ. ಕೆಳಗಿನ ಪದರವನ್ನು ಮಿಷನ್ನಿನ ಹಲ್ಲುಗಳು ಎಳೆದುಕೊಳ್ಳುತ್ತವೆ, ಮೇಲಿನ ಪದರ ಹಿಂದೆ ಉಳಿಯುತ್ತದೆ. ಸಾಲಿಗೊಂದು ಅಕ್ಕಿಕಾಳಿನಷ್ಟು ಜರುಗಿದ್ದು ಕಣ್ಣಿಗೆ ಬಿದ್ದಿರಲಿಲ್ಲ. ಹೀಗೇ ಬಿಟ್ಟರೆ ಕೆಂಪು ಅಂಚು ಒಂದು ಕಡೆ ಸಾಲದೆ ಬರುತ್ತಿತ್ತು.

ಬಿಚ್ಚಲು ಕುಳಿತೆ. ಶೆಡ್ಡಿನ ಮುಂದೆ ಯಾರ ಚಪ್ಪಲಿಯ ಸದ್ದು ಕೇಳಿದರೂ ಸಾಗರದವನು ಬಂದನೆಂದು ಕತ್ತೆತ್ತುತ್ತಿದ್ದೆ. ಎರಡನೆಯ ದಿನ ದಾರ ಎಳೆಯುವಾಗ ಹಳೆಯ ಬಿಳಿ ಸೀರೆ ಚರ್ ಎಂದು ಒಂದು ಗೇಣು ಹರಿಯಿತು.

"ಮ್ಯಾಲೆ ತ್ಯಾಪಿ ಹಾಕಿಬಿಡು. ಯಾರಿಗೆ ಗೊತ್ತಾಗ್ತತಿ?" ಎಂದರು ನಮ್ಮವರು. ನನಗೂ ಅದೇ ಆಸೆಯಿತ್ತು. ಆದರೆ ಮುಚ್ಚಿಟ್ಟರೆ ಈ ಊರಿನಲ್ಲಿ ಇರುವಷ್ಟು ದಿನವೂ ಆಕೆಯ ಮುಖ ತಪ್ಪಿಸಿ ಓಡಾಡಬೇಕಾಗುತ್ತದೆ ಎನ್ನಿಸಿತು. ಅರ್ಧ ಬಿಚ್ಚಿದ ಕೌದಿಯನ್ನು ಮಡಚಿಕೊಂಡು ಸರಸ್ವತಮ್ಮನ ಮನೆಗೆ ನಡೆದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಅವರ ಊರಿನ ಕನ್ನಡದಲ್ಲಿ ಜೋಡಿಸಿಕೊಂಡೆ. ಅವರ ಮುಂದೆ ನಿಂತಾಗ ಬಂದದ್ದು ನನ್ನದೇ.

"ಬಿಚ್ಚುವಾಗ ಹರೀತ್ರೀ. ತಪ್ಪು ನಂದೇ."

ಅವರು ಹರಿದ ಜಾಗವನ್ನು ಬೆರಳಿನಿಂದ ಸವರಿದರು. "ದೀಪಾವಳಿಗೆ ಉಡ್ತಿದ್ದ ಸೀರೆ ಇದು. ಹೇಳದೆ ಹೊಲಿದುಬಿಡಬಹುದಿತ್ತಲ್ಲ, ಎಂತಕ್ಕೆ ಬಂದೆ?"

"ನೀವು ಕೈ ಆಡಿಸಿದ್ರ ಗೊತ್ತಾಗತೈತ್ರೀ."

ಒಳಗೆ ಕೂಸು ಅಳುತ್ತಿತ್ತು. ಅವರು ಬಟ್ಟೆಯನ್ನು ಮಡಚಿ ನನ್ನ ಕೈಗಿಟ್ಟು, "ಇನ್ನೊಂದು ಹರಿದ್ರೆ ಅಷ್ಟೂ ವಾಪಸು ತಂದುಬಿಡು" ಎಂದು ಎದ್ದುಹೋದರು. ಆ ದಿನ ಆ ಮನೆಯಲ್ಲಿ ನನಗೆ ಯಾರೂ ಆಸ್ರಿಗೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹೊಸ್ತಿಲ ಬಳಿ ಕೂತು ಉಳಿದ ಸಾಲುಗಳನ್ನು ಬಿಚ್ಚುತ್ತಿದ್ದೆ. ಪಕ್ಕದ ಜಗಲಿಯಲ್ಲಿ ಸೀತಮ್ಮನ ಮಾವ ಮಂಜಜ್ಜ ಗಂಧದ ಪೆಟ್ಟಿಗೆ ಕೆತ್ತುತ್ತಿದ್ದರು. ಚಾಣ ಕೆಳಗಿಟ್ಟು, "ಮೂರು ದಿನದಿಂದ ನೋಡ್ತಿದ್ದೆ. ಬಿಚ್ಚೋದೇ ಕೆಲಸವೇನೇ ತಂಗಿ?" ಎಂದರು. ನನಗೆ ಅಳು ಬಂತು. ಎಲ್ಲವನ್ನೂ ಹೇಳಿದೆ.

ಅವರು ಎದ್ದು ಬಂದು ಹಾಸಿದ ಬಟ್ಟೆಯ ಸುತ್ತ ಒಂದು ಸಲ ನಡೆದರು. "ಇದರ ನಡು ಎಲ್ಲಿ?"

"ನಮ್ಮ ಕಡಿ ನಡು ಕೊನಿಗೆ ಬರತೈತಿ ಅಜ್ಜಾರ."

"ಕೈಹೊಲಿಗೆಗೆ ಅಡ್ಡಿಲ್ಲ, ಕೈ ತಿದ್ದಿಕೊಳ್ತದೆ. ಆ ಮಿಷನ್ನಿಗೆ ಕಣ್ಣಿಲ್ಲ. ನಾವು ಪೆಟ್ಟಿಗೆ ಮುಚ್ಚಳಕ್ಕೆ ಮೊದಲು ನಡು ಹಿಡೀತೇವೆ. ಅಲ್ಲಿಂದ ಆಚೆಗಿಷ್ಟು, ಈಚೆಗಿಷ್ಟು." ಒಳಗಿನಿಂದ ದಾರದ ಉಂಡೆ ತಂದು ಒಂದು ಮೂಲೆ ಹಿಡಿಯಲು ಹೇಳಿದರು. ಮೂಲೆಯಿಂದ ಎದುರು ಮೂಲೆಗೆ ದಾರ ಎಳೆದು ಆ ಅಳತೆಗೆ ಗಂಟು ಹಾಕಿದರು. ಅದೇ ದಾರವನ್ನು ಇನ್ನೆರಡು ಮೂಲೆಗಳಿಗೆ ಹಿಡಿದರು. ಗಂಟು ಒಂದು ಗೇಣು ಆಚೆ ನಿಂತಿತು. "ಇವೆರಡೂ ಒಂದಾಗೋವರೆಗೆ ನಿನ್ನ ಬಟ್ಟೆ ಚೌಕ ಅಲ್ಲ."

ಅಂದು ಹರಿದ ಜಾಗವನ್ನು ಕೈಯಿಂದ ಕೂಡಿಸಿ ಹೊಲಿದು, ಪದರಗಳನ್ನು ಮತ್ತೆ ಹಾಸಿ, ಎರಡೂ ಅಳತೆಗಳು ಸಮವಾಗುವವರೆಗೆ ಎಳೆದು, ನಡುವೆ ಉದ್ದಕ್ಕೂ ಅಡ್ಡಕ್ಕೂ ನೀಲಿ ದಾರದ ಗೆರೆ ಹಾಕಿದೆ. ಬದಿಗಳು ಅಲುಗದಂತೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಕೊಟ್ಟೆ. ನೀಲಿ ಗೆರೆಯ ಮೇಲೆ ಮೊದಲ ಸಾಲು. ಅದರ ಬಲಕ್ಕೆ ಒಂದು, ಎಡಕ್ಕೆ ಒಂದು. ಒಂದು ಸಾಲನ್ನು ಈ ತುದಿಯಿಂದ ಹೊಲಿದರೆ ಮುಂದಿನದನ್ನು ಆ ತುದಿಯಿಂದ, ಹಾಗೆ ಮಾಡಿದರೆ ಜರುಗಿದ್ದು ವಾಪಸು ಜರುಗುತ್ತದೆ ಎಂದು ನಾನೇ ಕಂಡುಕೊಂಡೆ. ನಮ್ಮವರು ತೋಳಿನ ಆಚೆ ನಿಂತು ಎಡಗೈಯಿಂದ ಸುರುಳಿಯ ಭಾರ ಹೊರುತ್ತಿದ್ದರು. ನಾಲ್ಕು ಸಾಲಿಗೊಮ್ಮೆ ನಿಲ್ಲಿಸಿ ನೆಲಕ್ಕೆ ಹಾಸುವುದು, ದಾರ ಹಿಡಿಯುವುದು. ಗಂಟು ಅರ್ಧ ಬೆರಳು ಆಚೆ ಹೋದ ದಿನ ಎರಡು ಸಾಲು ಬಿಚ್ಚಿದೆ, ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಹೊಲಿಗೆಯನ್ನು ಕತ್ತರಿಸಿ. ಏನೂ ಹರಿಯಲಿಲ್ಲ. ಸೀತಮ್ಮ ಕರೆಯದೆಯೇ ಬಂದು ಮೂಲೆ ಹಿಡಿಯತೊಡಗಿದಳು. ಒಂದು ದಿನ ತಾನೇ ನಗುತ್ತಾ, "ನೀನು ಜಂಬದವಳಲ್ಲ, ಹೆದರುಪುಕ್ಕಿ" ಎಂದಳು.

ಕೊನೆಗೆ ಕೆಂಪು ಅಂಚು ನಾಲ್ಕೂ ಬದಿ ಸುತ್ತಿ ಬಂದು ತನ್ನ ತುದಿಯನ್ನು ತಾನೇ ಮುಟ್ಟಿತು. ಹತ್ತು ದಿನದ ಮಾತು ಮೀರಿದ್ದರೂ, ಮಗಳು ಹೊರಡುವ ಹಿಂದಿನ ದಿನ ಕೌದಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋದೆ. ಸರಸ್ವತಮ್ಮ ಅದನ್ನು ನಡುಮನೆಯಲ್ಲಿ ಹಾಸಿ, ಮೂಲೆಗೆ ಮೂಲೆ ಕೂಡಿಸಿ ಮಡಚಿದರು. ಕೂಡಿತು. ಮತ್ತೆ ಬಿಚ್ಚಿ ಹಾಸಿ, ಮಂಡಿಯೂರಿ ಅಂಗೈ ಆಡಿಸುತ್ತಾ ಹೋದರು. ಬಿಳಿ ಸೀರೆಯ ಹತ್ತಿರ ಕೈ ನಿಂತಿತು.

"ಇಲ್ಲೇ ಅಲ್ವಾ?"

"ಹೌದ್ರೀ."

"ಆತು" ಎಂದು ಕೂಸನ್ನು ತಂದು ಅದೇ ಜಾಗದಲ್ಲಿ ಮಲಗಿಸಿದರು.

ಸಾಗರದವನು ಬರಲಿಲ್ಲ. ನಮ್ಮವರ ಬೆರಳು ವಾಸಿಯಾದರೂ ಪೂರಾ ಮಡಚಲು ಬರಲಿಲ್ಲ. ಈಗ ಟಾರ್ಪಾಲು ಅವರದು, ಹಾಸಿಗೆ-ಕೌದಿ ನನ್ನದು. ಊರಿಗೆ ಹೋದಾಗ ನಾನು "ಎಂತ" ಎಂದರೆ ಅವ್ವ, "ಸೊರಬದಾಕಿ ಆದಿ ನೋಡು" ಎಂದು ಮುಖ ತಿರುಗಿಸುತ್ತಾಳೆ. ಇಲ್ಲಿ ನಾನು "ಐತಿ" ಎಂದರೆ ಓಣಿಯ ಮಕ್ಕಳು ಹಿಂದೆಯೇ ಅಣಕಿಸುತ್ತಾರೆ.

ಕಳೆದ ವಾರ ಅಣ್ಣನ ಕಾಗದ ಬಂತು. ಶಿಕಾರಿಪುರದ ಪೇಟೆಯಲ್ಲಿ ಒಂದು ಅಂಗಡಿ ಖಾಲಿಯಾಗಿದೆ, ಹೂಂ ಎಂದರೆ ನಮಗೇ ಹಿಡಿದಿಡುತ್ತಾನಂತೆ. ಬಂದ ದಿನದಿಂದ ನಾನು ಕಾಯುತ್ತಿದ್ದ ಕಾಗದ ಅದು. ನಮ್ಮವರು ಅದನ್ನು ಎರಡು ಸಲ ಓದಿ, ಪೆನ್ಸಿಲ್ಲು ಹಿಡಿದು ಕೂತು ಕೇಳಿದರು: "ಏನಂತ ಬರೀಲಿ?"

ನಾನು ಸೂಜಿಗೆ ನೀಲಿ ದಾರ ಪೋಣಿಸಿದೆ. "ಹಬ್ಬ ಆದ ಮ್ಯಾಲೆ ಬರ್ತೀವಿ ಅಂತ ಬರೀರಿ" ಎಂದೆ.

ಯಾವ ಹಬ್ಬ ಎಂದು ಅವರು ಕೇಳಲಿಲ್ಲ. ನಾನು ಹೊಸ ಕೌದಿಯ ನಡುವಿಗೆ ನೀಲಿ ಗೆರೆ ಹಾಕತೊಡಗಿದೆ.