ಇಳಿಜಾರಿನಲ್ಲಿ ಹರಿದ ಹೊಗೆ

೧೯೮೫ರ ಜನವರಿ. ಆಗ ನಾನು ಯಲಹಂಕದ ಹತ್ತಿರದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೆಮಿಕಲ್ ವಿಭಾಗದ ಅಧ್ಯಾಪಕ. ಕೊನೆಯ ವರ್ಷದವರಿಗೆ ಪ್ಲಾಂಟ್ ಡಿಸೈನ್ ಹೇಳಿಕೊಡುತ್ತಿದ್ದೆ. ಭೋಪಾಲದ ವಿಷಾನಿಲ ದುರಂತ ನಡೆದು ಕೆಲವೇ ವಾರಗಳಾಗಿದ್ದವು. ಆದರೂ ನಮ್ಮ ಹುಡುಗರ ಪಾಲಿಗೆ ಸೇಫ್ಟಿ ಎಂದರೆ ನಕ್ಷೆಯ ಒಂದು ಮೂಲೆಯಲ್ಲಿ ಬೆಂಕಿ ಆರಿಸುವ ಕೆಂಪು ಬಕೆಟ್ ಬರೆಯುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ತರಗತಿಯಲ್ಲಿ ರಾಜಾನುಕುಂಟೆಯ ಮಂಜುಳಾ ಇದ್ದಳು. ಅವಳ ತಂದೆ ಮುನಿಶಾಮಪ್ಪನವರು ದ್ರಾಕ್ಷಿ ಬೆಳೆಗಾರರು. ತೋಟದಲ್ಲೇ ಅಮೋನಿಯಾದಿಂದ ನಡೆಯುವ ಕೋಲ್ಡ್ ಸ್ಟೋರೇಜ್ ಕಟ್ಟಿಸುವವರಿದ್ದರು. ಮಗಳ ಪ್ರಾಜೆಕ್ಟೂ ಅದೇ. ಅವಳ ನಕ್ಷೆಯಂತೆಯೇ ಕಟ್ಟಡ ಏಳುವುದಿತ್ತು.

ನಕ್ಷೆ ನೋಡಿ ಕೇಳಿದೆ, “ಇದು ಸೋರಿದ್ರೆ ಗ್ಯಾಸ್ ಎಲ್ಲಿಗಮ್ಮ ಹೋಗುತ್ತೆ?”

“ಮೇಲಕ್ಕೆ ಸಾರ್. ಅಮೋನಿಯಾ ಗಾಳಿಗಿಂತ ಹಗುರ ಅಲ್ವಾ?”

ಪುಸ್ತಕದ ಮಾತು ಸುಳ್ಳಲ್ಲ. ಆದರೆ ಒತ್ತಡದಲ್ಲಿರುವ ದ್ರವ ಅಮೋನಿಯಾ ಒಮ್ಮೆಲೇ ಹೊರಚಿಮ್ಮಿದರೆ ಕೊರೆಯುವ, ಉಸಿರುಗಟ್ಟಿಸುವ ಮಂಜಾಗಿ, ಭಾರವಾಗಿ, ನೆಲ ಹಿಡಿದು ಹರಿಯಬಲ್ಲದು. ಅಮೋನಿಯಾವನ್ನು ಒತ್ತಿ ತಳ್ಳುವ ಕಂಪ್ರೆಸರ್ ಕೋಣೆಯನ್ನು ಅವಳು ಜಮೀನಿನ ಆಗ್ನೇಯ ಮೂಲೆಯಲ್ಲಿಟ್ಟಿದ್ದಳು. ಅದು ತಂದೆಯ ಹಟ. “ಮಿಷಿನ್ ಅಂದ್ರೆ ಬೆಂಕಿ ಇದ್ದಂಗೆ ಸಾರ್, ಅಗ್ನಿ ಮೂಲೇಲೇ ಇರ್ಬೇಕು” ಎಂದರು ಅವರು, ನಾನು ತೋಟ ನೋಡಲು ಹೋದಾಗ. ಆ ಮೂಲೆಯೋ ದಿಬ್ಬದ ಮೇಲಿತ್ತು. ಅದರ ಕೆಳಗೇ ಶೆಡ್ಡು. ಅಲ್ಲಿ ಮಂಜುಳಾಳ ತಾಯಿ ಲಕ್ಷ್ಮಮ್ಮ ಊರ ಹೆಂಗಸರೊಂದಿಗೆ ಬೆಳಗಿನಿಂದಲೇ ಹಣ್ಣು ಪ್ಯಾಕ್ ಮಾಡುತ್ತಿದ್ದರು.

ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಒಂದು ಮುಂಜಾನೆ ಇಡೀ ತರಗತಿಯನ್ನು ಬಸ್ಸು ಹತ್ತಿಸಿಕೊಂಡು ತೋಟಕ್ಕೆ ಹೋದೆ. ಆ ಮೂಲೆಯಲ್ಲಿ ಒದ್ದೆ ಹುಲ್ಲಿಗೆ ಬೆಂಕಿ ಇಟ್ಟೆವು. ಚಳಿ ನೆಲಕ್ಕಂಟಿ ಕೂತಿತ್ತು, ಗಾಳಿ ಸುಳಿಯುತ್ತಿರಲಿಲ್ಲ. ಹೊಗೆ ಆಳೆತ್ತರಕ್ಕೆ ಎದ್ದು ನಿಂತುಬಿಟ್ಟಿತು. ಆಮೇಲೆ, ಅಬ್ಬಾ, ಮೆಲ್ಲಗೆ ಬಾಗಿ ಕಾಲುವೆ ನೀರಿನಂತೆ ಇಳಿಜಾರು ಹಿಡಿದು ಹೊರಟಿತು. ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದದ್ದು ಕಣ್ಣೆದುರಿಗೇ ಹರಿಯುತ್ತಿತ್ತು. ನನ್ನ ಮೈ ಜುಮ್ಮೆಂದಿತು. ನೋಡನೋಡುತ್ತಿದ್ದಂತೆ ಶೆಡ್ಡು ಮರೆಯಾಗಿ ಒಳಗಿನಿಂದ ಕೆಮ್ಮು ಕೇಳಿಸಿತು.

“ಅಮ್ಮಾ!” ಎಂದು ಮಂಜುಳಾ ಕೆಳಕ್ಕೆ ಓಡಿದಳು. ಬರೀ ಹುಲ್ಲಿನ ಹೊಗೆ ಎಂದು ಅವಳಿಗೂ ಗೊತ್ತಿತ್ತು. ಆದರೂ ತಾಯಿಯ ಕೈ ಹಿಡಿದು ಹೊರಗೆ ಎಳೆದು ತಂದಳು.

ಮುನಿಶಾಮಪ್ಪನವರು ಹೆಂಡತಿಯ ಮುಖ ನೋಡಿ, “ಮೂಲೆ ಆಳಾಗೋಗ್ಲಿ ಬುಡಿ ಸಾರ್. ನಮ್ ಎಣ್ಮಕ್ಳು ಉಸಿರಾಡ್ಬೇಕು. ಎಲ್ಲಿ ಕಟ್ಬೇಕು ಅಂತ ನನ್ ಮಗ್ಳೇ ಏಳ್ಲಿ” ಎಂದರು.

ಮಂಜುಳಾ ಕಂಪ್ರೆಸರ್ ಕೋಣೆಯನ್ನು ಶೆಡ್ಡಿಗಿಂತ ಬಹಳ ಕೆಳಗೆ, ಜನ ಓಡಾಡದ ನೀಲಗಿರಿ ತೋಪಿನ ಕಡೆಗೆ ಇಳಿಸಿದಳು. ಅಲ್ಲೇ ಕಟ್ಟಿದರು.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಅಲ್ಲಿ ಗ್ಯಾಸ್ಕೆಟ್, ಅಂದರೆ ಪೈಪುಗಳ ಕೂಡುಸಂದಿಯ ಬಿಲ್ಲೆ, ಕಿತ್ತುಹೋಯಿತು. ಸುದ್ದಿ ತಿಳಿದವನೇ ತೋಟಕ್ಕೆ ಓಡಿದೆ. ಕೋಣೆಯಿಂದ ತೋಪಿನವರೆಗೆ ಹುಲ್ಲು ಸುಟ್ಟು ಕಂದಾಗಿತ್ತು, ಯಾರೋ ದಾರಿ ಗೀಚಿದಂತೆ. ಶೆಡ್ಡಿನ ಕಡೆಯ ಹುಲ್ಲು ಹಸಿರಾಗಿಯೇ ಇತ್ತು.

ಶೆಡ್ಡಿಗೆ ಹೋದರೆ ಲಕ್ಷ್ಮಮ್ಮ ದ್ರಾಕ್ಷಿ ಜೋಡಿಸುತ್ತಿದ್ದರು. “ಏನಾಯ್ತಮ್ಮ ಬೆಳಿಗ್ಗೆ?” ಎಂದೆ.

“ಅದೇನೋ ಕೆಳ್ಗಡೆ ಸೋರ್ತಂತೆ ಸಾರ್. ನಮ್ಗೇನೂ ಗೊತ್ತಾಗ್ಲಿಲ್ಲ” ಎಂದು ಒಂದು ಗೊಂಚಲು ನನ್ನ ಕೈಗಿಟ್ಟರು.

ಡಿಸೈನ್ ಎಂದರೇನು ಎಂದು ಆಮೇಲೆ ಯಾವ ವಿದ್ಯಾರ್ಥಿ ಕೇಳಿದರೂ ನಾನು ಆ ತಾಯಿಯ ಮಾತನ್ನೇ ಹೇಳುತ್ತಿದ್ದೆ: ನಮ್ಗೇನೂ ಗೊತ್ತಾಗ್ಲಿಲ್ಲ.